ಅವರಿಬ್ಬರು ಅಕ್ಕತಂಗಿಯರಲ್ಲ

ನನಗೆ ಬೇಕಿದ್ದದ್ದು ಒಂದು ಡ್ರ್ಯಾಗನ್, ಒಂದು ಹಡಗು, ಒಬ್ಬರನ್ನೊಬ್ಬರು ಪ್ರೀತಿಸುವ ಇಬ್ಬರು ಹೆಂಗಸರು. ಕೊನೆಯ ಪುಟದಲ್ಲಿ ಇಬ್ಬರೂ ಬದುಕಿರಬೇಕು. ಇಷ್ಟು ಬೇಕು ಅಂದದ್ದಕ್ಕೆ ಐದು ತಾಲ್ಲೂಕು ತಿರುಗಿದ್ದೇನೆ, ಹೋದ ಕಡೆಯಿಂದೆಲ್ಲ ಸಿಟ್ಟು ಹೊತ್ತುಕೊಂಡು ವಾಪಸ್ ಬಂದಿದ್ದೇನೆ.

ನಮ್ಮ ಹರಪನಹಳ್ಳಿಯ ಒಂದು ಲೈಬ್ರರಿಯಲ್ಲಿ ಮಾಯಾಲೋಕದ ಕಾದಂಬರಿ ಕೇಳಿದರೆ ಮಕ್ಕಳ ಕಪಾಟು ತೋರಿಸಿದರು. ವಿಜ್ಞಾನದ ಕಥೆ ಅಂದರೆ ಹತ್ತನೇ ತರಗತಿಯ ಗೈಡು ಕೊಟ್ಟರು. "ಅಂಥವನ್ನ ಯಾರೂ ಕೇಳಂಗಿಲ್ರಿ" ಅಂದರು. ನಾನು ಕೇಳಾಕತ್ತೀನಲ್ರಿ ಅಂದೆ. "ನಿಮ್ಮನ್ನ ಬಿಟ್ಟು" ಅಂದರು. ಕೂಡ್ಲಿಗಿಯ ಪುಸ್ತಕದಂಗಡಿಯಲ್ಲಿ ಪೊಲೀಸ್ ಪರೀಕ್ಷೆ, ಟೀಚರ್ ಪರೀಕ್ಷೆ, ಬ್ಯಾಂಕ್ ಪರೀಕ್ಷೆಯ ಪುಸ್ತಕ ಬಿಟ್ಟರೆ ಬೇರೇನಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಹಳೇ ಪುಸ್ತಕ ಮಾರುವವರ ಹತ್ತಿರ ಒಂದು ದಪ್ಪ ಇಂಗ್ಲಿಷ್ ಕಾದಂಬರಿ ಸಿಕ್ಕಿತು. ಹೊದಿಕೆಯ ಮೇಲೆ ಕತ್ತಿ ಹಿಡಿದ ಇಬ್ಬರು ಹುಡುಗಿಯರು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದರು. ಬಸ್ಸಿನಲ್ಲಿ ಕೂತು ಕೊನೆಯ ಪುಟ ತೆಗೆದೆ. ಒಬ್ಬಳಿಗೆ ರಾಜಕುಮಾರನ ಜೊತೆ ಮದುವೆ, ಇನ್ನೊಬ್ಬಳು ಅವಳ ಕೂದಲಿಗೆ ಹೂ ಮುಡಿಸುತ್ತಿದ್ದಳು. ಪುಸ್ತಕವನ್ನು ಕಿಟಕಿಯಿಂದ ಎಸೆಯಬೇಕು ಅನ್ನಿಸಿತು. ಪುಸ್ತಕ ಹೊಲಿಯುವ ಬೈಂಡರ್ ಮಗಳಾಗಿ ಅದೊಂದನ್ನು ಮಾಡಲಾರೆ.

ಹಡಗಲಿಯಲ್ಲಿ ಪುಸ್ತಕ ಪ್ರದರ್ಶನ ಹಾಕಿದಾಗ ಧೈರ್ಯ ಮಾಡಿ ನೇರವಾಗಿಯೇ ಕೇಳಿದೆ. ಹೆಂಗಸು ಹೆಂಗಸನ್ನು ಪ್ರೀತಿಸುವ ಕಾದಂಬರಿ, ಅದೂ ಬೇರೆ ಲೋಕದ್ದು, ಕ್ವಿಯರ್ ಅಂತಾರಲ್ಲ, ಆ ಥರದ್ದು ಇದೆಯಾ ಎಂದು. ಮಾರುವವನು ಆಚೀಚೆ ನೋಡಿ, "ಅಂಥೋರ ಬಗ್ಗೆ ಐತ್ರಿ" ಎಂದು ದನಿ ತಗ್ಗಿಸಿ, ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡು ಹೆಣ್ಣಾಗಿ ಬದುಕುವ ಜೋಗಮ್ಮಂದಿರ ಮೇಲಿನ ಸಂಶೋಧನಾ ಗ್ರಂಥವೊಂದನ್ನು ಕೈಗಿಟ್ಟ. ಹಿಂದೆ ಅಡಿಟಿಪ್ಪಣಿಗಳೇ ಅರವತ್ತು ಪುಟ. ಜೋಗಮ್ಮಂದಿರ ಬಗ್ಗೆ ನನಗೆ ಗೌರವವಿದೆ, ಅವರು ನಮ್ಮ ಅಂಗಡಿ ಮುಂದೆ ಹಾಯುವಾಗ ನಮ್ಮಬ್ಬಾ ಎದ್ದು ನಿಂತು ಮಾತಾಡಿಸುತ್ತಿದ್ದರು. ಆದರೆ ನಾನು ಕೇಳಿದ್ದು ಕಥೆ. ನಮ್ಮಂಥವರು ಅಂದ ಕೂಡಲೇ ಈ ಜನಕ್ಕೆ ಒಂದೋ ಸಂಶೋಧನೆ ನೆನಪಾಗುತ್ತದೆ, ಇಲ್ಲ ಸಮಸ್ಯೆ. ಫೋನಿನಲ್ಲಿ ಕನ್ನಡದಲ್ಲಿ ಹುಡುಕಿದರೂ ಅಷ್ಟೇ. ಡಾಕ್ಟರ ಸಲಹೆ, ಪೊಲೀಸರ ಸುದ್ದಿ, ಹೇಸಿಗೆ ಕಥೆಗಳು. ಕನ್ನಡದಲ್ಲಿ ಬರೆದ ನಾಲ್ಕು ಒಳ್ಳೆಯ ಕಥೆಗಳೂ ಸಿಕ್ಕವು, ಸುಳ್ಳು ಹೇಳುವುದಿಲ್ಲ. ಓದಿ ಕಣ್ಣೀರೂ ಹಾಕಿದೆ. ಅವುಗಳಲ್ಲಿ ಒಬ್ಬಳು ಬಾವಿಗೆ ಹಾರಿದ್ದಳು, ಇನ್ನೊಬ್ಬಳು ಊರು ಬಿಟ್ಟಿದ್ದಳು. ಅದೆಲ್ಲ ನನಗೆ ಗೊತ್ತಿದ್ದದ್ದೇ. ನನಗೆ ಸಮಸ್ಯೆ ಬೇಕಿರಲಿಲ್ಲ, ಡ್ರ್ಯಾಗನ್ ಬೇಕಿತ್ತು.

ಇಂಗ್ಲಿಷಿನಲ್ಲಿ ಹುಡುಕಿದಾಗ ತಲೆ ತಿರುಗಿತು. ಪಟ್ಟಿಯ ಮೇಲೆ ಪಟ್ಟಿ. ಹೆಂಗಸರು ಹೆಂಗಸರನ್ನು ಮದುವೆಯಾಗಿ ರಾಜ್ಯ ಆಳುವ ಕಾದಂಬರಿಗಳು, ಇಬ್ಬರು ಗಂಡಸರು ಒಂದೇ ಗಗನನೌಕೆಯಲ್ಲಿ ಸಂಸಾರ ಹೂಡಿದ ಕಾದಂಬರಿಗಳು. ಜಗತ್ತಿನಲ್ಲಿ ಇಷ್ಟು ಪುಸ್ತಕ ಇದ್ದವು, ನಾನು ಹದಿನೈದು ವರ್ಷ ಒಂದಕ್ಕಾಗಿ ಬಾಯಿ ಬಿಡುತ್ತಿದ್ದೆ. ಸಂತೋಷ ಆಗಬೇಕಿತ್ತು, ಮೊದಲು ಬಂದದ್ದು ಹೊಟ್ಟೆಯುರಿ. ತರಿಸೋಣ ಅಂದರೆ ಕೆಲವು ನಮ್ಮ ಪಿನ್‌ಕೋಡಿಗೆ ಬರುವುದಿಲ್ಲ ಅನ್ನುತ್ತಿತ್ತು. ಕೊನೆಗೆ ಫೋನಿನಲ್ಲೇ ಕೊಂಡು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ದಿನಕ್ಕೆ ಎರಡು ಮೂರು ಪುಟದಂತೆ ಓದತೊಡಗಿದೆ. ಅಲ್ಲೂ ಮೋಸ ಇತ್ತು. ಇನ್ನೂರು ಪುಟ ಪ್ರೀತಿಸಿ, ಇನ್ನೂರಾ ಒಂದನೇ ಪುಟದಲ್ಲಿ ಒಬ್ಬಳ ಎದೆಗೆ ಬಾಣ. ಮೂರು ಪುಸ್ತಕದಲ್ಲಿ ಮೂರು ಬಾಣ ತಿಂದ ಮೇಲೆ ಕೊನೆಯ ಪುಟ ಓದದೆ ಮೊದಲನೆಯದನ್ನು ಮುಟ್ಟುವುದಿಲ್ಲ ಎಂದು ತೀರ್ಮಾನಿಸಿದೆ.

ಇದೆಲ್ಲ ನನಗೊಬ್ಬಳಿಗಾಗಿ ಆಗಿದ್ದರೆ ಇಷ್ಟು ಒದ್ದಾಡುತ್ತಿರಲಿಲ್ಲ. ಕೊಟ್ಟೂರಿನಲ್ಲಿ ಒಬ್ಬಳಿದ್ದಾಳೆ.

ಡಿಗ್ರಿಯ ಮೂರು ವರ್ಷ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತವರು. ಅವಳ ತವರು ನಮ್ಮದೇ ತಾಲ್ಲೂಕಿನ ಅರಸೀಕೆರೆ, ದಿನಾ ಬಸ್ಸಿಗೆ ಬರುತ್ತಿದ್ದಳು. ನಾನು ಅವಳನ್ನು ಪ್ರೀತಿಸಿದೆ, ಅವಳೂ ಪ್ರೀತಿಸಿದಳು, ಒಮ್ಮೆ ಬಾಯಿಬಿಟ್ಟು ಹೇಳಿದಳು ಕೂಡ. ಆಮೇಲೆ ಕೊಟ್ಟೂರಿನ ಬಟ್ಟೆ ಅಂಗಡಿಯವರ ಮನೆಗೆ ಅವಳ ಮದುವೆಯಾಯಿತು. ನಾನು ಊಟ ಮಾಡಿ ಬಂದೆ. ಗಂಡ ಕೆಟ್ಟವನಲ್ಲ, ಅದೇ ಇನ್ನೊಂದು ಸಿಟ್ಟು. ಬೈಯಲಿಕ್ಕೂ ನೆಪ ಸಿಗಲಿಲ್ಲ. ಮನೆಯಲ್ಲಿ ಅವಳ ಫೋನು ಎಲ್ಲರ ಫೋನು, ಯಾರು ಬೇಕಾದರೂ ತೆಗೆದು ನೋಡುವಂಥದ್ದು. ಇಂಗ್ಲಿಷ್ ಪುಸ್ತಕ ಕೈಯಲ್ಲಿ ಕಂಡರೆ ಪರೀಕ್ಷೆ ಕಟ್ಟುತ್ತಾಳೋ ಏನೋ ಎಂದು ಹತ್ತು ಪ್ರಶ್ನೆ. ಒಂದು ಸಲ ತವರಿಗೆ ಬಂದವಳು ನಮ್ಮ ಅಂಗಡಿಗೂ ಬಂದಳು. ನಾನು ಓದಿದ ಒಂದು ಕಥೆಯನ್ನು ಮೊದಲಿಂದ ಕೊನೆತನಕ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಮುಖ ಕಾಲೇಜಿನ ಮುಖವಾಯಿತು.

"ಲೇ, ನನಗ ಇದನ್ನ ಓದಬೇಕು. ಹೆಂಗರ ಮಾಡಿ ಕೊಡು" ಅಂದಳು. ಬಸ್ಸಿಗೆ ಹೋಗುವ ಮುಂಚೆ ತಿರುಗಿ, "ಸಾಯೋ ಕಥಿ ಬ್ಯಾಡ" ಅಂದಳು.

ಇಲ್ಲಿ ನಮ್ಮ ಕಸುಬಿನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮದು ಬೈಂಡಿಂಗ್ ಅಂಗಡಿ, ಈಗ ಜೆರಾಕ್ಸು ಡಿಟಿಪಿಯೂ ಇದೆ. ಅಬ್ಬಾ ಕಣ್ಣು ಮಂಜಾಗಿ ಮನೆಯಲ್ಲಿದ್ದಾರೆ, ಅಂಗಡಿ ನನ್ನದು. ಮೊದಲು ನಮ್ಮ ಅರ್ಧ ಕೆಲಸ ಹೆಂಗಸರದ್ದೇ. ವಾರಪತ್ರಿಕೆಯಲ್ಲಿ ಬಂದ ಧಾರಾವಾಹಿಯನ್ನು ವಾರವಾರ ಕತ್ತರಿಸಿ, ಹಾಸಿಗೆ ಕೆಳಗೆ ಇಟ್ಟು ಕೂಡಿಸಿ, ಮುಗಿದ ಮೇಲೆ ಹೊಲಿಸಲು ತರುತ್ತಿದ್ದರು. ಕೂಡ್ಲಿಗಿ, ಕಾನಹೊಸಹಳ್ಳಿ, ಚಿಗಟೇರಿ, ಎಲ್ಲಿಂದಲೋ ಬರುತ್ತಿತ್ತು. ಅಬ್ಬಾ ದಾರದಿಂದ ಹೊಲಿದು, ಹುಳ ಹಿಡಿಯದ ಹಾಗೆ ಮೈಲುತುತ್ತ ಹಾಕಿ ಕುದಿಸಿದ ಮೈದಾ ಅಂಟು ಬಳಿದು, ರಟ್ಟಿಗೆ ಕೆಂಪು ಬಟ್ಟೆ ಸುತ್ತಿ ಕೊಡುತ್ತಿದ್ದರು. ಆ ಕೆಂಪು ಬೈಂಡು ಮನೆಯಿಂದ ಮನೆಗೆ ಓಡಾಡುತ್ತಿತ್ತು. ಅತ್ತೆ ಓದಿ ಸೊಸೆಗೆ, ಸೊಸೆ ಓದಿ ಪಕ್ಕದ ಮನೆಗೆ. ಮೊದಲ ಪುಟ ಹರಿದು ಲೇಖಕರ ಹೆಸರೇ ಇರುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಗಂಡಸರಂತೂ ಅದನ್ನು ಮುಟ್ಟುತ್ತಿರಲಿಲ್ಲ. ಈ ಸೀಮೆಯಲ್ಲಿ ಹೆಂಗಸಿನ ಕೈಯಲ್ಲಿದ್ದರೂ ಯಾರ ಕಣ್ಣೂ ಹೋಗದ ವಸ್ತು ಒಂದಿದ್ದರೆ ಅದು ಧಾರಾವಾಹಿಯ ಬೈಂಡು.

ಹಾಗಾಗಿ ಧಾರಾವಾಹಿಯನ್ನೇ ಮಾಡಿದೆ. ಕೊನೆಯ ಪುಟ ನೋಡಿ ಆರಿಸಿದ ಒಂದು ಕಾದಂಬರಿ, ಮೂರು ಭಾಗದ್ದು. ಮೂರು ಚಂದ್ರರಿರುವ ದೇಶ. ಒಬ್ಬಳು ಗಾಳಿಯಲ್ಲಿ ತೇಲುವ ಹಡಗು ನಡೆಸುವವಳು, ಇನ್ನೊಬ್ಬಳು ಡ್ರ್ಯಾಗನ್‌ಗಳಿಗೆ ಔಷಧ ಕೊಡುವವಳು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕನ್ನಡಕ್ಕೆ ತಂದೆ. ಬರೆದವರನ್ನು ಕೇಳದೆ ಮಾಡಿದ್ದು ಕಳ್ಳತನವೇ, ಒಪ್ಪುತ್ತೇನೆ. ಪತ್ರಿಕೆಯ ಹಾಗೆ ಎರಡು ಕಾಲಂ ಮಾಡಿ, ಪ್ರತಿ ಅಧ್ಯಾಯದ ತುದಿಗೆ "ಮುಂದುವರಿಯುವುದು" ಎಂದು ಹಾಕಿದೆ. ಒಂದು ಸಾಲನ್ನೂ ಬಿಡಲಿಲ್ಲ. ತುಟಿಗೆ ತುಟಿ ಇದ್ದ ಕಡೆ ತುಟಿಗೆ ತುಟಿ ಅಂತಲೇ ಬರೆದೆ. ಕೆಂಪು ಬಟ್ಟೆ ಸುತ್ತಿ, ಕಾಗದದಲ್ಲಿ ಕಟ್ಟಿ, ಕೊಟ್ಟೂರಿಗೆ ಹೋಗುವ ಬಸ್ಸಿನಲ್ಲಿ ಬಟ್ಟೆ ಅಂಗಡಿಯ ವಿಳಾಸಕ್ಕೆ ಕೊಟ್ಟು ಕಳಿಸಿದೆ.

ಹದಿನೈದು ದಿನ ಬಿಟ್ಟು ಅವಳ ಫೋನ್ ಬಂತು. ದನಿ ಕುಣಿಯುತ್ತಿತ್ತು. ತಾನು ಎರಡು ಸಲ ಓದಿದೆ, ಅತ್ತೆಯೂ ಓದಿದರು, ಎದುರು ಮನೆಯವರು ಒಯ್ದಿದ್ದಾರೆ, ಓಣಿಯಲ್ಲಿ ಸರದಿ ಹಚ್ಚಿದ್ದಾರೆ ಅಂದಳು. ಏನಂತಾರೆ ಎಂದು ಕೇಳಿದೆ.

"ಭಾಳ ಚಲೋ ಐತಿ ಅಂತಾರ. ಆ ಅಕ್ಕತಂಗೇರು ಅಷ್ಟು ಹೊಂದ್ಕೊಂಡು ಹೋಗ್ತಾರ, ಒಡಹುಟ್ಟಿದೋರೂ ಹಂಗಿರಂಗಿಲ್ಲ ಅಂತಾರ."

ಅಕ್ಕತಂಗಿಯರು! ಮೊದಲು ನಕ್ಕೆ, ಅವಳೂ ನಕ್ಕಳು. ಫೋನ್ ಇಟ್ಟ ಮೇಲೆ ಉರಿ ಹತ್ತಿತು. ಒಂದು ಹೊದಿಕೆಯೊಳಗೆ ಮಲಗಿ, ನಿನ್ನ ಬಿಟ್ಟು ನಾನು ಉಸಿರಾಡಲಾರೆ ಎಂದು ಕುತ್ತಿಗೆಗೆ ಮುತ್ತಿಡುವವರು ಅಕ್ಕತಂಗಿಯರಂತೆ. ಔಷಧ ಕೊಡುವವಳ ಅಪ್ಪ ಅಮ್ಮ ಬೇರೆ, ಹಡಗಿನವಳ ಅಪ್ಪ ಅಮ್ಮ ಬೇರೆ, ಎರಡನೇ ಅಧ್ಯಾಯದಲ್ಲೇ ಬರೆದಿದೆ. ಡ್ರ್ಯಾಗನ್ ಮಾತಾಡಿತು ಎಂದರೆ ನಂಬಿದರು. ಮೂರು ಚಂದ್ರ ಅಂದರೆ ತಕರಾರಿಲ್ಲ. ಹಡಗು ಮೋಡದ ಮೇಲೆ ಹೋಯಿತು ಅಂದರೂ ಹೂಂ ಅಂದರು. ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಬಯಸಿದರು ಎಂಬುದೊಂದನ್ನು ಮಾತ್ರ ಕಣ್ಣೆದುರು ಇಟ್ಟರೂ ಕಾಣಲಿಲ್ಲ. ಬೈದಿದ್ದರೆ, ಪುಸ್ತಕ ಸುಟ್ಟಿದ್ದರೆ ಕೂಡ ನನಗೆ ಸಮಾಧಾನ ಇರುತ್ತಿತ್ತು. ಬೈಯಬೇಕಾದರೂ ಮೊದಲು ಕಾಣಬೇಕಲ್ಲ.

ಎರಡನೇ ಭಾಗದಲ್ಲಿ ಅವರ ಮದುವೆ ಇತ್ತು. ಮೂರನೇ ಚಂದ್ರ ಹುಟ್ಟುವಾಗ ಇಬ್ಬರೂ ಒಬ್ಬರ ಕೈಗೊಬ್ಬರು ದಾರ ಕಟ್ಟಿ, ಇಡೀ ಊರಿಗೆ ಊಟ ಹಾಕುವ ಪ್ರಸಂಗ. ಈಗೇನು ಮಾಡುತ್ತಾರೋ ನೋಡೋಣ ಎಂದು ಹಲ್ಲು ಕಚ್ಚಿ ಅಚ್ಚು ಹಾಕಿ ಕಳಿಸಿದೆ. ಓಣಿಯವರು ಅದಕ್ಕೂ ಸೋಲಲಿಲ್ಲ. ಅದು ಆ ದೇಶದ ರಾಖಿ ಹಬ್ಬವಂತೆ.

ಆಮೇಲೆ ಒಂದು ಸಂಜೆ ಅವಳ ಫೋನ್ ಬಂತು. ಹಿಂದೆ ಟಿವಿ ಸದ್ದು, ಯಾರೋ ಕೂತಿದ್ದ ಹಾಗಿತ್ತು.

"ಅತ್ತಿ ಹೇಳಾಕತ್ತಾರ, ಮೂರನೇ ಭಾಗದಾಗ ಒಬ್ಬಾಕಿಗರ ಚಲೋ ಗಂಡ ಸಿಗಬೇಕಂತ. ಅಂಥಾದ್ದು ಇದ್ರ ಕಳಸು ಅಂತಾರ" ಅಂದಳು. ಅಂದು ನಕ್ಕಳು.

ಆ ನಗು ನನ್ನನ್ನು ಚುಚ್ಚಿತು. ಓಣಿಯವರ ಮೇಲಿದ್ದ ಸಿಟ್ಟೆಲ್ಲ ಅವಳ ಕಡೆ ತಿರುಗಿತು. ಇವಳೂ ಅವರೊಳಗೊಬ್ಬಳಾದಳು, ನಮ್ಮಿಬ್ಬರನ್ನೂ ಇವಳು ಅಕ್ಕತಂಗಿ ಎಂದೇ ಹೇಳಿಕೊಂಡು ಬದುಕುತ್ತಿದ್ದಾಳೆ ಅನ್ನಿಸಿತು. ನನ್ನ ಮನೆಯಲ್ಲೂ ಆಗ ಅಮ್ಮಿ ದಿನಕ್ಕೊಂದು ಸಂಬಂಧ ತರುತ್ತಿದ್ದರು. ಇಲ್ಲೂ ಗಂಡ, ಅಲ್ಲೂ ಗಂಡ, ಮೋಡದ ಮೇಲೆ ತೇಲುವ ಹಡಗಿಗೂ ಒಬ್ಬ ಗಂಡನನ್ನು ಹತ್ತಿಸಬೇಕೇ?

ಮೂರನೇ ಭಾಗ ಮುಗಿಸಿದೆ. ಕೊನೆಯಲ್ಲಿ ಇಬ್ಬರೂ ಬದುಕಿದ್ದರು, ಮುದುಕಿಯರಾಗಿ ಹಡಗಿನ ತುದಿಯಲ್ಲಿ ಕೂತು ಜಗಳವಾಡುತ್ತಿದ್ದರು. ಪುಸ್ತಕದ ಮೊದಲಿಗೆ ಒಂದು ಹಾಳೆ ನಾನೇ ಸೇರಿಸಿದೆ, ದಪ್ಪಕ್ಷರದಲ್ಲಿ. "ಓದುವವರಿಗೆ: ಇವರಿಬ್ಬರು ಅಕ್ಕತಂಗಿಯರಲ್ಲ. ಗೆಳತಿಯರು ಅಂತಲೂ ಸುಮ್ಮನೆ ತಿಳಿಯಬೇಡಿ. ಒಬ್ಬಳನ್ನೊಬ್ಬಳು ಗಂಡಹೆಂಡಿರಂತೆ ಪ್ರೀತಿಸಿದವರು, ಮದುವೆಯಾದವರು. ಇಂಥವರು ಮೂರು ಚಂದ್ರರ ದೇಶದಲ್ಲಿ ಮಾತ್ರ ಇಲ್ಲ, ಹರಪನಹಳ್ಳಿಯಲ್ಲೂ ಇದ್ದಾರೆ, ಕೊಟ್ಟೂರಿನಲ್ಲೂ ಇದ್ದಾರೆ." ಒಂದು ಕ್ಷಣ ಕೈ ತಡೆಯಿತು. ಕೊಟ್ಟೂರು ಬೇಡವೇನೋ ಅನ್ನಿಸಿತು. ಸಿಟ್ಟು ಬೇಕು ಅಂದಿತು. ಹೊಲಿದು, ಅಂಟು ಒಣಗಿದ ಮೇಲೆ ಬಸ್ಸಿಗೆ ಕೊಟ್ಟೆ.

ಹನ್ನೊಂದು ದಿನ ಯಾವ ಸುದ್ದಿಯೂ ಇಲ್ಲ. ಹನ್ನೆರಡನೆಯ ದಿನ ಬೆಳಿಗ್ಗೆ, ವಿಭೂತಿ ಹಚ್ಚಿದ, ಅರವತ್ತೈದರ ಆಸುಪಾಸಿನ ಹೆಂಗಸೊಬ್ಬರು ಅಂಗಡಿ ಮೆಟ್ಟಿಲು ಹತ್ತಿ ಬಂದರು. ಮದುವೆಯಲ್ಲಿ ನೋಡಿದ್ದೆ, ಗುರುತು ಹತ್ತಿತು. ಅವಳ ಅತ್ತೆ. ಕೈಚೀಲದಿಂದ ಕೆಂಪು ಬೈಂಡು ತೆಗೆದು ಟೇಬಲ್ ಮೇಲಿಟ್ಟರು. ಸ್ಟೂಲು ಸರಿಸಿ ಕೂರಿ ಅಂದೆ.

"ನಿಮ್ಮ ಅಪ್ಪಾರು ಹೆಂಗದಾರ? ನನ್ನ ಧಾರಾವಾಹಿ ಎಲ್ಲಾ ಅವರ ಕೈಯಾಗ ಹೊಲಿಸೀನಿ" ಅಂದರು. ಆಮೇಲೆ ಬೈಂಡಿನ ಮೊದಲ ಹಾಳೆ ತೆಗೆದು ಬೆರಳಿಟ್ಟರು. "ಇದನ್ನ ನೀನ ಬರದಿಯೇನು?"

"ಹೌದ್ರಿ."

"ಯಾಕ?"

"ಎಲ್ಲಾರೂ ಅಕ್ಕತಂಗೇರು ಅನ್ನಾಕತ್ತಿದ್ರಿ, ಅದಕ್ಕ."

"ಆ ಮಾತನ್ನ ಓಣ್ಯಾಗ ಮೊದಲು ಬಿಟ್ಟಾಕಿ ನಾನ" ಅಂದರು.

ನಿಮಗ ಗೊತ್ತಿತ್ತೇನ್ರಿ ಅಂದೆ.

"ನಲವತ್ತು ವರ್ಷ ಓದೀನವ್ವಾ. ಪತ್ರಿಕಿ ಹಾಳಿ ಯಾವುದು, ಜೆರಾಕ್ಸ್ ಹಾಳಿ ಯಾವುದು ನನಗ ತಿಳಿಯಂಗಿಲ್ಲೇನು? ಮೊದಲನೇ ಪುಸ್ತಕದಾಗ ತಿಳೀತು. ಕಥಿ ಎಂಥಾದ್ದು ಅಂತಾನೂ ತಿಳೀತು, ಯಾರು ಯಾರಿಗೆ ಬರದಾರ ಅಂತಾನೂ ತಿಳೀತು. ಎದುರು ಮನಿಯಾಕಿ, ಇದೇನ್ರಿ ಇಬ್ರೂ ಹಿಂಗ ಅಂತ ಕೇಳಿದ್ಲು. ಅಕ್ಕತಂಗೇರದಾರ, ಸುಮ್ನ ಓದು ಅಂದೆ."

"ಮತ್ತ ಗಂಡ ಬೇಕು ಅಂತ ಫೋನ್ ಮಾಡಿಸಿದ್ರಿ?"

"ಅವತ್ತ ಮಗ ಬಾಜೂಕ ಕುಂತಿದ್ದ. ಅತ್ತಿ ಸೊಸಿ ಏನ್ ಇಷ್ಟು ಓದತೀರಿ, ತಗೊಂಬರ್ರಿ ನೋಡ್ತೀನಿ ಅಂದ. ಗಂಡನ ಸುದ್ದಿ ತೆಗದ್ರ ಹೆಂಗಸರ ಕಥಿ ಅಂತ ಸುಮ್ಮನಾಗ್ತಾನ. ಆದ."

ಇಷ್ಟು ಕೇಳಿದ ಮೇಲೆ ನಾನು ಅವರ ಕೈ ಹಿಡಿಯಬೇಕಿತ್ತು. ಬಂದದ್ದು ಸಿಟ್ಟೇ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದನ್ನೇ ಉಪಕಾರ ಅಂದುಕೊಂಡ ಜನ ನಾವು. ಎಷ್ಟು ದೊಡ್ಡ ಮನಸ್ಸಿದ್ದರೂ ಅದನ್ನು ಬಾಗಿಲು ಹಾಕಿಕೊಂಡು ಮಾತ್ರ ತೋರಿಸುವವರು. ನಿಮಗೆ ಗೊತ್ತಿದೆ ಎಂದು ಅವಳಿಗೆ ಹೇಳಿದ್ದೀರಾ ಎಂದು ಗಡುಸಾಗಿಯೇ ಕೇಳಿದೆ.

"ಹೇಳಿದ್ರ ಆಕಿ ಮತ್ತ ಓದತಾಳೇನು? ನನ್ನ ಮುಖ ನೋಡತಾಳೇನು?"

ಅವರು ಪುಸ್ತಕವನ್ನು ನನ್ನ ಕಡೆ ತಳ್ಳಿದರು. "ಒಳಗಿರೋದೆಲ್ಲ ಕಥಿ. ಕಥಿಗೆ ಯಾರೂ ಲೆಕ್ಕ ಕೇಳಂಗಿಲ್ಲ. ಇದು ಕಥಿ ಅಲ್ಲ. ಕೊಟ್ಟೂರು ಅಂತ ಬರದಿ. ನಾಳೆ ಯಾರರ ಕೈಗೆ ಸಿಕ್ಕರ, ನನಗ ಏನೂ ಗೊತ್ತಿಲ್ಲ ಅನ್ನಾಕ ನನಗ ಬರಂಗಿಲ್ಲ. ಪಾರ್ಸೆಲ್ ನಾನ ಬಿಚ್ಚೀನಿ, ಆಕಿಗೆ ಇನ್ನೂ ತೋರಿಸಿಲ್ಲ. ಈ ಹಾಳಿ ತೆಗಿ, ಈಗ ಒಯ್ದು ಆಕಿ ಕೈಯಾಗ ಕೊಡ್ತೀನಿ. ತೆಗಿಯಂಗಿಲ್ಲ ಅಂದ್ರ ಇಲ್ಲೇ ಬಿಟ್ಟು ಹೋಗ್ತೀನಿ."

ತೆಗೆಯುವುದಿಲ್ಲ ಅನ್ನಬೇಕು ಎಂದು ನಾಲಗೆ ತುದಿಗೆ ಬಂತು. ಅಂದಿದ್ದರೆ ಅವರು ಬಿಟ್ಟು ಹೋಗುತ್ತಿದ್ದರು, ಬೆದರಿಕೆಯ ಮಾತಲ್ಲ ಅದು. ಹಡಗಿನ ತುದಿಯ ಆ ಇಬ್ಬರು ಮುದುಕಿಯರನ್ನು ಅವಳು ಯಾವತ್ತೂ ನೋಡುತ್ತಿರಲಿಲ್ಲ. ಸಾಯುವ ಕಥೆ ಬೇಡ ಅಂದವಳಿಗೆ, ಸಾಯದೇ ಇದ್ದದ್ದನ್ನು ನಾನೇ ಕೊಡದೆ ಇಟ್ಟುಕೊಂಡ ಹಾಗಾಗುತ್ತಿತ್ತು.

ಚಾಕು ತೆಗೆದುಕೊಂಡೆ. ಹೊಲಿದ ಪುಸ್ತಕದಿಂದ ಹಾಳೆ ಕೀಳಬಾರದು, ಅದರ ಜೋಡಿಯ ಹಾಳೆ ಸಡಿಲಾಗಿ ಉದುರುತ್ತದೆ. ಹೊಲಿಗೆಯ ಹತ್ತಿರ ಅರ್ಧ ಇಂಚು ಪಟ್ಟಿ ಬಿಟ್ಟು, ಕೆಳಗೆ ರಟ್ಟಿಟ್ಟು, ಸ್ಕೇಲು ಒತ್ತಿ ಒಂದೇ ಗೀರಿಗೆ ಕತ್ತರಿಸಬೇಕು. ಹಾಗೇ ಕತ್ತರಿಸಿದೆ. ಗೀರು ನೆಟ್ಟಗೆ ಬಂತು, ಅದಕ್ಕೂ ಸಿಟ್ಟು ಬಂತು. ಅವರು ಆ ಹಾಳೆಯನ್ನು ತೆಗೆದುಕೊಂಡು ಇನ್ನೊಮ್ಮೆ ಓದಿ, ನಾಲ್ಕಾಗಿ ಹರಿದು ನನ್ನ ಕೈಗೇ ಕೊಟ್ಟರು. ಬೈಂಡನ್ನು ಚೀಲಕ್ಕೆ ಹಾಕಿಕೊಂಡು ಕೊಟ್ಟೂರು ಬಸ್ಸು ಎಷ್ಟಕ್ಕೆ ಎಂದು ಕೇಳಿ ಹೊರಟರು. ಒಂದು ಲೋಟ ಚಹಾ ಕೊಡುವುದೂ ನನಗೆ ಹೊಳೆಯಲಿಲ್ಲ.

ಅವಳ ಫೋನ್ ಮೂರನೇ ವಾರಕ್ಕೆ ಬಂತು. ಮುದುಕಿಯರ ಜಗಳದ ಪುಟವನ್ನು ಐದು ಸಲ ಓದಿದಳಂತೆ. ಒಬ್ಬಳು ಇನ್ನೊಬ್ಬಳಿಗೆ ನಿನ್ನ ಗೊರಕೆಗೆ ಡ್ರ್ಯಾಗನ್ ಓಡಿಹೋಯಿತು ಎನ್ನುವ ಕಡೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತಂತೆ. ಹಿಂದೆ ಗಂಡ ಏನೋ ಕೇಳಿದ, ಬಂದೆ ಅಂದಳು. ಆಮೇಲೆ ದನಿ ತಗ್ಗಿಸಿದಳು.

"ಲೇ, ಮೊದಲನೇ ಹಾಳಿ ಕತ್ತರಿಸೀದಿ. ಪಟ್ಟಿ ಉಳದೈತಿ, ಅದರ ಮ್ಯಾಲೆ ದಪ್ಪಕ್ಷರದ ತುದಿ ಕಾಣ್ತಾವು. ಏನಿತ್ತು ಅದರಾಗ?"

ಅಂಗಡಿಯಲ್ಲಿ ನಾನೊಬ್ಬಳೇ ಇದ್ದೆ. ಯಾರಿಗೂ ಹೆದರಬೇಕಾದ್ದಿರಲಿಲ್ಲ. ಐದು ತಾಲ್ಲೂಕಿನ ಜನವನ್ನು ಕಣ್ಣಿಲ್ಲದವರು, ಬಾಯಿಲ್ಲದವರು ಎಂದು ಬೈದುಕೊಂಡು ತಿರುಗಿದವಳು ನಾನು.

"ಏನಿಲ್ಲ. ಅಚ್ಚು ಕೆಟ್ಟಿತ್ತು, ಅದಕ್ಕ ತೆಗದೆ" ಅಂದೆ.

"ಹಂಗಾರ ಚಲೋತ್ನಂಗ ಅಚ್ಚು ಮಾಡಿ ಅದೊಂದು ಹಾಳಿ ಕಳಸು. ನಾನ ಅಂಟಿಸ್ಕೊಂತೀನಿ" ಅಂದಳು.

ಆಗಲಿ ಅಂದೆ. ಇವತ್ತಿಗೂ ಕಳಿಸಿಲ್ಲ.